ಸೊಂಟದಾಗಿನ ಎರಡನೇ ಹತಾರ

ಹೋದ ಸುಗ್ಗಿಯಲ್ಲಿ ಒಂದು ಸಂಜೆ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಕೂತಿದ್ದೆ. ವರಸೆಯಲ್ಲಿ ನನಗೆ ಅಳಿಯನಾಗಬೇಕಾದ ಒಬ್ಬ ಹುಡುಗ ಬಂದು ಹತ್ತಿರ ಕೂತ. ಊರೂರು ತಿರುಗಿ ಹತ್ತಿ ಕೊಂಡು ಆದೋನಿ ಮಾರ್ಕೆಟ್ಟಿಗೆ ಹಾಕುವ ವ್ಯಾಪಾರ ಅವನದು. ರೊಕ್ಕ ಕಟ್ಟಿಕೊಂಡು ಕತ್ತಲಾದ ಮೇಲೆ ಒಬ್ಬನೇ ಬರಬೇಕಾಗುತ್ತದೆ. ಬಹಳ ತಿರುಗಾಡಿ ಒಂದು ರಿವಾಲ್ವರಿಗೆ ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ.

"ಮಾವ, ಒಂದು ಮಾತು ಕೇಳ್ತೀನಿ, ನಗಬ್ಯಾಡ. ನನ್ನ ಹತ್ರ ಒಂದು ಐತಿ. ಅದು ಹೊತ್ತಿಗೆ ಕೈಕೊಟ್ಟರೆ, ಇಲ್ಲಾ ಯಾರಾದ್ರೂ ಕಸಗೊಂಡರೆ ಏನು ಮಾಡಲಿ? ಇನ್ನೊಂದು ಸಣ್ಣದು ಸೊಂಟದಾಗ ಇಟ್ಟುಕೊಳ್ಳಲಾ? ನೀನು ಹಾಡೋ ಪದದಾಗಿನ ಬಂಟರೆಲ್ಲ ಎರಡೆರಡು ಹತಾರ ಇಟ್ಟುಕೊಂತಿದ್ದರಲ್ಲ?" ಅಂದ.

ನಾನು ನಗಲಿಲ್ಲ. ಅವನ ಅಂಜಿಕೆ ಸುಳ್ಳಲ್ಲ. ಆದರೆ ಹೂಂ ಅನ್ನಲಿಕ್ಕೂ ಬಾಯಿ ಬರಲಿಲ್ಲ, ಬ್ಯಾಡ ಅನ್ನಲಿಕ್ಕೂ ಬರಲಿಲ್ಲ. ನಾನು ಓದಿದ್ದು ಏಳನೇ ತರಗತಿ. ಆದರೆ ಪದ ಹಾಡುವವನು ಪದದ ಹಿಂದಿನ ಕತೆ ತಿಳಿಯದೆ ಹಾಡಬಾರದು ಅಂತ ನನ್ನ ಗುರುಗಳು ಹೇಳುತ್ತಿದ್ದರು. ಅದರ ಸಲುವಾಗಿ ಓದಿದ್ದು, ಮೇಷ್ಟ್ರುಗಳ ಹತ್ತಿರ ಕೇಳಿ ತಿಳಿದದ್ದು, ನಮ್ಮ ಮನೆಯಲ್ಲೇ ಕಂಡದ್ದು, ಇಷ್ಟನ್ನೂ ಕೂಡಿಸಿ ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಎರಡನೇ ಹತಾರ ಎಂಬುದು ಇವತ್ತು ನಿನ್ನೆಯದಲ್ಲ. ನಮ್ಮ ಸೀಮೆಯ ಊರ ಹೊರಗೆ ನಿಂತ ವೀರಗಲ್ಲುಗಳನ್ನು ಸುಮ್ಮನೆ ದಾಟಿ ಹೋಗದೆ ಒಂದು ಗಳಿಗೆ ನಿಂತು ನೋಡ್ರಿ. ವೀರನ ಕೈಯಲ್ಲಿ ಬಿಲ್ಲೋ ಕತ್ತಿಯೋ ಇರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವನ ನಡುಪಟ್ಟಿಯಲ್ಲಿ ಒಂದು ಸಣ್ಣ ಕಠಾರಿಯನ್ನೂ ಕೆತ್ತಿರುತ್ತಾರೆ. ಕೈಯಲ್ಲಿದ್ದದ್ದು ಮುರಿದರೆ, ಬಿದ್ದರೆ, ವೈರಿ ಮೈಮೇಲೆ ಬಿದ್ದು ಬಿಲ್ಲು ಎಳೆಯಲಿಕ್ಕೆ ಜಾಗ ಇಲ್ಲದಂತಾದರೆ, ಆಗ ಅದು ಬೇಕು.

ವಿಜಯನಗರದ ಕಾಲಕ್ಕೂ ಇದೇ ಪದ್ಧತಿ. ಆಗ ನಮ್ಮ ಆದೋನಿ ಕೋಟೆ ವಿಜಯನಗರದ ಕೈಯಲ್ಲೇ ಇತ್ತು. ಕೃಷ್ಣದೇವರಾಯನ ಕಾಲದಲ್ಲಿ, ಅಂದಾಜು 1520ರ ಸುಮಾರಿಗೆ, ಪೋರ್ಚುಗಲ್ಲಿನ ಪಾಯೆಸ್ ಎಂಬಾತ ಹಂಪಿಗೆ ಬಂದು ಮಹಾನವಮಿಯ ಹೊತ್ತಿನ ದಂಡಿನ ಸಾಲನ್ನು ಕಣ್ಣಾರೆ ನೋಡಿ ಬರೆದಿಟ್ಟ. ಬಿಲ್ಲುಗಾರರ ಕೈಯಲ್ಲಿ ಬಿಲ್ಲು, ಸೊಂಟದಲ್ಲಿ ಕಠಾರಿ ಮತ್ತು ಸಣ್ಣ ಕೊಡಲಿ ಇದ್ದವು ಅಂತ ಅವನ ಬರಹದಲ್ಲಿದೆ. ದೂರದವನಿಗೆ ಬಾಣ, ಹತ್ತಿರ ಬಂದವನಿಗೆ ಸೊಂಟದ್ದು. ಇದು ದಂಡಿನ ಲೆಕ್ಕ.

ಅದೇ 1520ರಲ್ಲಿ ರಾಯಚೂರು ಕೋಟೆಗೆ ಮುತ್ತಿಗೆ ಆಯಿತು. ಫಿಗೆರೆದೊ ಎಂಬ ಪೋರ್ಚುಗೀಸ್ ವ್ಯಾಪಾರಿ ಇಪ್ಪತ್ತು ಮಂದಿ ಬಂದೂಕಿನವರ ಜೊತೆ ರಾಯನ ಕಡೆಗೆ ನಿಂತ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಕೆಳಗಿನಿಂದಲೇ ಗುಂಡು ಹಾರಿಸಿ ಕೆಡವಿದರು. ಕಾವಲಿನವರು ಅಂಜಿ ತಲೆ ತಗ್ಗಿಸಿದ ಕೂಡಲೇ ರಾಯನ ಕಡೆಯವರು ಗೋಡೆಯ ಕಲ್ಲು ಕಿತ್ತರು. ಇದನ್ನು ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಬರೆದಿದ್ದಾನೆ. ಕೈಬಂದೂಕಿನ ಬಲ ಏನು ಅಂತ ನಮ್ಮ ಎಡೆದೊರೆ ಸೀಮೆಯವರು ಕಂಡ ದೊಡ್ಡ ಯುದ್ಧ ಅದು.

ಆದರೆ ಆ ಬಂದೂಕಿಗೆ ಒಂದು ದೊಡ್ಡ ಕೊರತೆ ಇತ್ತು. ಒಮ್ಮೆ ಹಾರಿಸಿದರೆ ಮುಗೀತು. ಮತ್ತೆ ಬಾಯಿಯಿಂದ ಮದ್ದು ಹಾಕಬೇಕು, ಗುಂಡು ಹಾಕಬೇಕು, ಗಜದಿಂದ ಜಡಿಯಬೇಕು, ಬತ್ತಿ ನೋಡಬೇಕು. ಮಳೆ ಬಂದರೆ ಬತ್ತಿ ಆರಿ ಹೋಗುತ್ತದೆ. ಮುಂದೆ ಚಕಮಕಿ ಕಲ್ಲಿನ ಬಂದೂಕು ಬಂದ ಮೇಲೂ ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಸಲ ಹಾರಿಸಿದರೆ ಹೆಚ್ಚು. ಅಷ್ಟರಲ್ಲಿ ವೈರಿ ಬಂದು ಕುತ್ತಿಗೆ ಹಿಡಿದಿರುತ್ತಾನೆ. ಅದಕ್ಕೆ ಬಂದೂಕಿನವನ ಸೊಂಟದಿಂದ ಕತ್ತಿ ಹೋಗಲಿಲ್ಲ. ಕುದುರೆ ಸವಾರರು ಜೀನಿಗೆ ಎರಡು ಪಿಸ್ತೂಲು ಜೋಡಿ ಮಾಡಿ ಕಟ್ಟುತ್ತಿದ್ದರು. ಒಂದು ಹಾರಿಸಿದ ಮೇಲೆ ಇನ್ನೊಂದು. ಎರಡನೇ ಪಿಸ್ತೂಲು ಹುಟ್ಟಿದ್ದು ಹೀಗೆ, ಮೊದಲನೆಯದರಲ್ಲಿ ಒಂದೇ ಗುಂಡು ಇದ್ದುದರಿಂದ. ಶೋಕಿಗೆ ಅಲ್ಲ.

1836ರಲ್ಲಿ ಅಮೆರಿಕದ ಕೋಲ್ಟ್ ಎಂಬಾತ ತಿರುಗುವ ಗಾಲಿಯ ರಿವಾಲ್ವರಿಗೆ ಹಕ್ಕುಪತ್ರ ಪಡೆದ. ಒಂದರ ಹಿಂದೆ ಒಂದು ಐದಾರು ಗುಂಡು. 1857ರ ಹೊತ್ತಿಗೆ ನಮ್ಮ ದೇಶದಲ್ಲಿದ್ದ ಎಷ್ಟೋ ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿ ಕತ್ತಿ, ಸೊಂಟದ ಪಟ್ಟಿಯಲ್ಲಿ ರಿವಾಲ್ವರ್ ಬಂದಿತ್ತು. ನಮ್ಮ ಬಂಟರಿಗೆ ಬಂದೂಕು ಮೊದಲು, ಕತ್ತಿ ಎರಡನೆಯದು. ಅವರಿಗೆ ಕತ್ತಿ ಮೊದಲು, ರಿವಾಲ್ವರ್ ಎರಡನೆಯದು. ಲೆಕ್ಕವೇ ತಿರುವುಮುರುವಾಯಿತು.

ಹಿಂದಿನವರು ಎರಡನೆಯದನ್ನು ಆರಿಸುವಾಗ ನೋಡುತ್ತಿದ್ದದ್ದು ಮೂರು. ಒಂದು, ಮೊದಲಿನದಕ್ಕಿಂತ ಗಿಡ್ಡ ಇರಬೇಕು, ಹಗುರ ಇರಬೇಕು, ಇಲ್ಲದಿದ್ದರೆ ನಾಲ್ಕು ದಿನ ಹೊತ್ತು ಐದನೇ ದಿನ ಮನೆಯಲ್ಲೇ ಬಿಡುತ್ತಾರೆ. ಎರಡು, ಬಲಗೈ ಸಿಕ್ಕಿಹಾಕಿಕೊಂಡರೆ ಎಡಗೈಗೆ ಎಟುಕುವ ಕಡೆ ಇರಬೇಕು. ಮೂರು, ಮೊದಲಿನದು ಯಾವುದಕ್ಕೆ ಕೆಡುತ್ತದೋ ಅದಕ್ಕೆ ಇದು ಕೆಡಬಾರದು. ಮದ್ದು ನೆನೆದರೆ ಕಠಾರಿ ನೆನೆಯುವುದಿಲ್ಲವಲ್ಲ. ಈಗಿನ ಪಿಸ್ತೂಲು ಬಲ್ಲವರು ಹೇಳುವುದೂ ಇದನ್ನೇ. ಅದರ ಜೊತೆಗೆ ಎರಡಕ್ಕೂ ಒಂದೇ ತರಹದ ತೋಟಾ ಆದರೆ ಒಳ್ಳೆಯದು ಅಂತಾರೆ. ಕುದುರೆ ಮುಚ್ಚುವಂಥ ಗಟ್ಟಿ ಒರೆ ಬೇಕು ಅಂತಾರೆ. ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬರೇ ಪಿಸ್ತೂಲು ಹಾಕಿಕೊಂಡವನು ತನ್ನ ತೊಡೆಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ ಅಂತಾರೆ.

ಇಷ್ಟು ಹೇಳಿದ ಕೂಡಲೇ ನನ್ನ ಅಳಿಯನ ಮುಖ ಅರಳಿತು. "ಹಂಗಾದ್ರೆ ತಗೊಳ್ಳೋದೇ ಬರೋಬ್ಬರಿ ಅಂತೀಯಾ ಮಾವ?" ಅಂದ. "ತಡಿ, ಪದ ಇನ್ನೂ ಅರ್ಧ ಆಗಿಲ್ಲ" ಅಂದೆ.

1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಆದೋನಿ, ಅನಂತಪುರ, ಕಡಪ ಇವೆಲ್ಲ ದತ್ತ ಮಂಡಲ ಅನಿಸಿಕೊಂಡವು. ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದ. ಆಗ ಈ ನಾಡಿನಲ್ಲಿ ಸುಮಾರು ಎಂಬತ್ತು ಮಂದಿ ಪಾಳೆಯಗಾರರು. ಒಬ್ಬೊಬ್ಬನ ಹಿಂದೆ ಹತಾರ ಹಿಡಿದ ಬಂಟರು. ಊರಿಗೊಂದು ಹುಡೇವು, ಮಣ್ಣಿನ ಕೋಟೆ. ರೈತ ನೇಗಿಲು ಹೊಡೆಯುವಾಗಲೂ ಈಟಿ ಬದುವಿಗೆ ಒರಗಿಸಿ ಇಡುವ ಕಾಲ ಅದು. ಜನರಲ್ ಕ್ಯಾಂಪ್‌ಬೆಲ್ಲನ ದಂಡು ತಿರುಗಿ ತಿರುಗಿ ಪಾಳೆಯಗಾರರನ್ನು ಅಡಗಿಸಿತು.

1801ರಲ್ಲಿ ನಮ್ಮ ಪಕ್ಕದ ತೆರ್ನೆಕಲ್ಲಿನವರು ಕಂದಾಯದ ಸಲುವಾಗಿ ಕಂಪನಿಯ ಮೇಲೆ ಎದ್ದರು. ಅವರ ಮುಂದಾಳು ಮುತುಕೂರು ಗೌಡಪ್ಪ. ಮಣ್ಣಿನ ಕೋಟೆಯ ಒಳಗಿನಿಂದ ಒಮ್ಮೆ ಕಂಪನಿಯ ದಂಡನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ಕ್ಯಾಂಪ್‌ಬೆಲ್ ತೋಪು ತಂದ. ಊರು ಬಿತ್ತು, ಗೌಡಪ್ಪನನ್ನು ಗಲ್ಲಿಗೆ ಹಾಕಿದರು. ತೋಪಿನ ಮುಂದೆ ಸೊಂಟದ ಕಠಾರಿ ಏನು ಮಾಡೀತು? ಅವರ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಹತಾರದ ಲೆಕ್ಕದಲ್ಲಿ ನಾವು ಸೋತ ಊರು ಅದು ಅಂತಲೂ ಹೇಳಬೇಕು.

ಇನ್ನು ಹಲಗಲಿಯ ಕತೆ. ಈ ಲಾವಣಿಯನ್ನು ನಾನು ನಲವತ್ತು ವರ್ಷದಿಂದ ಹಾಡುತ್ತಿದ್ದೇನೆ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಜನರ ಬಾಯಿಂದ ಬರೆಸಿಕೊಂಡು ಅಚ್ಚು ಹಾಕಿಸಿದ್ದರಿಂದ ಅದು ಉಳಿಯಿತು. ಕರ್ನಾಟಕದ ಹತ್ತನೇ ತರಗತಿಯ ಮಕ್ಕಳು ಅದನ್ನು ಪಾಠದಲ್ಲಿ ಓದಿದ್ದಾರೆ. 1857ರಲ್ಲಿ ಸರಕಾರ ನಿಶ್ಶಸ್ತ್ರೀಕರಣದ ಕಾನೂನು ಮಾಡಿತು. ಹತಾರ ಇದ್ದವರು ತಂದು ಒಪ್ಪಿಸಬೇಕು, ಇಲ್ಲವೆ ಪರವಾನಗಿ ಪಡೆಯಬೇಕು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕು, ಹತಾರವೇ ಮಾನ ಅಂತ ಬಾಳಿದ ಜನ. ಜಡಗ, ಬಾಲ, ಹನುಮ, ರಾಮ ಎಂಬ ನಾಲ್ವರು ಮುಂದೆ ನಿಂತರು.

1857ರ ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. 290 ಮಂದಿಯನ್ನು ಹಿಡಿದರು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಹಲಗಲಿ ಹಾಳಾಯಿತು. ಈ ಪದ ಹಾಡುವಾಗ ಪ್ರತಿ ಸಲ ನನ್ನ ದನಿ ಕಟ್ಟುತ್ತದೆ.

ಆ ಕಾನೂನು ಕಳ್ಳರನ್ನು ಹಿಡಿಯಲಿಕ್ಕೆ ಬಂದದ್ದಲ್ಲ. ರಾಜ ತನ್ನ ಕೈಯಲ್ಲಿ ತೋಪು, ಬಂದೂಕು, ರಿವಾಲ್ವರ್ ಎಲ್ಲ ಇಟ್ಟುಕೊಂಡು ಪ್ರಜೆಗಳ ಹತಾರ ಕಸಿಯಲಿಕ್ಕೆ ಬಂದದ್ದು. ಕೊಡಗಿನವರಿಗೆ ಮಾತ್ರ 1861ರಿಂದ ವಿನಾಯಿತಿ ಸಿಕ್ಕಿತು, ಅದು ಈಗಲೂ ನಡೆದಿದೆ. ಉಳಿದ ದೇಶಕ್ಕೆಲ್ಲ 1878ರಲ್ಲಿ ಇನ್ನೂ ಬಿಗಿಯಾದ ಆಯುಧ ಕಾಯ್ದೆ ಬಂತು. ಅದಕ್ಕೇ ಹಲಗಲಿಯ ಬೇಡರನ್ನು ಹೊಗಳಿ ಹಾಡುತ್ತೇವೆ. ಆದರೆ ಅವರು ಕಾದದ್ದು ಪರದೇಶದ ದೊರೆತನದ ಎದುರು. ಅದೇ ಪದವನ್ನು ತೋರಿಸಿ, ನಮ್ಮೂರಿನವನ ಎದುರು ಸೊಂಟದಲ್ಲಿ ಹತಾರ ಇಟ್ಟುಕೊಳ್ಳಲಿಕ್ಕೆ ನೆವ ಮಾಡಿಕೊಳ್ಳಬಾರದು.

ಮೂರನೆಯದು ಕೃಷ್ಣೆಯ ಆಚೆಯ ಸುರಪುರದ ಕತೆ. ಅಲ್ಲಿಯ ದೊರೆ ರಾಜಾ ವೆಂಕಟಪ್ಪ ನಾಯಕ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಚಿಕ್ಕಂದಿನಲ್ಲಿ ಅವನನ್ನು ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಹುಡುಗ ಅವನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. 1858ರಲ್ಲಿ ದೊರೆ ಕಂಪನಿಯ ಎದುರು ನಿಂತು ಸೋತು ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಮೊದಲು ಮರಣದಂಡನೆ ಆಗಿತ್ತು. ಆಮೇಲೆ ಅದನ್ನು ಇಳಿಸಿ ಇಳಿಸಿ ನಾಲ್ಕು ವರ್ಷದ ಸೆರೆ ಅಂತ ಮಾಡಿದರು. ಮದರಾಸಿನ ಹತ್ತಿರದ ಚೆಂಗಲಪಟ್ಟಿಗೆ ಕಳಿಸುತ್ತಿದ್ದರು. ನಾಲ್ಕು ವರ್ಷ ಕಳೆದರೆ ಊರಿಗೆ ಬರಬಹುದಿತ್ತು.

ಟೇಲರ್ ತನ್ನ ಆತ್ಮಕತೆಯಲ್ಲಿ ಬರೆದ ಪ್ರಕಾರ, ಆ ದಾರಿಯಲ್ಲಿ ಕಾವಲಿನ ಅಧಿಕಾರಿ ತನ್ನ ರಿವಾಲ್ವರಿನ ಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ನೇತುಹಾಕಿ ಡೇರೆಯಿಂದ ಹೊರಗೆ ಹೋದ. ಅದರಲ್ಲಿ ತೋಟಾ ತುಂಬಿತ್ತು. ಹೊರಗಿದ್ದವರಿಗೆ ಒಂದು ಗುಂಡಿನ ಸದ್ದು ಕೇಳಿಸಿತು. ಒಳಗೆ ಬಂದು ನೋಡಿದರೆ ದೊರೆ ಸತ್ತು ಬಿದ್ದಿದ್ದ. ತಾನೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ, ಇಲ್ಲ ಅವರೇ ಕೊಂದರೋ ಅಂತ ಸುರಪುರದ ಸೀಮೆಯಲ್ಲಿ ಇವತ್ತಿಗೂ ಮಾತಾಡುತ್ತಾರೆ. ಅದು ಏನೇ ಇರಲಿ. ಆ ರಿವಾಲ್ವರ್ ಒಬ್ಬ ಸೈನಿಕನು ತನ್ನ ಜೀವ ಕಾಯಲಿಕ್ಕೆ ಸೊಂಟಕ್ಕೆ ಕಟ್ಟಿಕೊಂಡದ್ದು. ಅದು ಅವನ ಜೀವ ಕಾಯಲಿಲ್ಲ. ಸೊಂಟದಿಂದ ಕುರ್ಚಿಗೆ ಹೋದ ಒಂದು ಗಳಿಗೆಯಲ್ಲಿ ಇನ್ನೊಬ್ಬರ ಕೈಯಾಗಿನ ಸಾವಾಯಿತು.

"ನಿನ್ನ ಮನಿಯಾಗ ಸಣ್ಣ ಹುಡುಗರು ಎಷ್ಟು ಮಂದಿ?" ಅಂತ ಅಳಿಯನನ್ನು ಕೇಳಿದೆ. "ಮೂರು" ಅಂದ. "ಮನಿಗೆ ಬಂದು ಉಣ್ಣಲಿಕ್ಕೆ ಕೂತಾಗ ಒಂದನ್ನು ಎಲ್ಲಿಡ್ತಿ? ಎರಡನೆಯದನ್ನು ಎಲ್ಲಿಡ್ತಿ?" ಅಂದೆ. ಸುಮ್ಮನಾದ.

ಇನ್ನೊಂದು ಕತೆ ಪುಸ್ತಕದ್ದಲ್ಲ, ನಮ್ಮ ಮನೆಯದು. ಊರಲ್ಲಿ ಹಿರಿಯರಿಗೆ ಗೊತ್ತಿದೆ, ಆದರೆ ನಾನು ಇದುವರೆಗೆ ಬರೆದಿರಲಿಲ್ಲ. ನನಗೆ ಆಗ ಹತ್ತು ವರ್ಷ. ನಮ್ಮಪ್ಪ ರಾತ್ರಿ ಹೊಲ ಕಾಯಲಿಕ್ಕೆ ಹೋಗುವಾಗ ಕೈಯಲ್ಲಿ ಬಡಿಗೆ ಹಿಡಿಯುತ್ತಿದ್ದ. ಬಡಿಗೆ ಕೈತಪ್ಪಿದರೆ ಇರಲಿ ಅಂತ ಉಡದಾರಕ್ಕೆ ಒಂದು ಗೇಣುದ್ದದ ಚೂರಿ ಸಿಕ್ಕಿಸಿಕೊಳ್ಳುತ್ತಿದ್ದ. ಹತ್ತು ಹದಿನೈದು ವರ್ಷ ಅದು ಅಲ್ಲೇ ಇತ್ತು. ಒಬ್ಬ ಕಳ್ಳನಿಗೂ ತೋರಿಸಲಿಲ್ಲ. ಬಳ್ಳಿ ಕೊಯ್ಯಲಿಕ್ಕೆ, ಕಲ್ಲಂಗಡಿ ಹೆಚ್ಚಲಿಕ್ಕೆ ಆಗುತ್ತಿತ್ತು ಅಷ್ಟೆ.

ಒಂದು ದಿನ ಬದುವಿನ ಮೇಲಿನ ಜಾಲಿ ಮರದ ಸಲುವಾಗಿ ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಮಾತಿಗೆ ಮಾತು ಬೆಳೆಯಿತು. ಅಪ್ಪ ಬಡಿಗೆ ಎತ್ತಿದ. ದೊಡ್ಡಪ್ಪ ಗಟ್ಟಿ ಆಳು, ಬಡಿಗೆ ಕಸಿದು ದೂರ ಒಗೆದ. ಜಗಳ ಅಲ್ಲಿಗೇ ಮುಗಿಯಬೇಕಿತ್ತು. ಬಡಿಗೆ ಕಳಕೊಂಡವನು ಬೈದುಕೊಂತ ಮನೆಗೆ ಬರುತ್ತಾನೆ, ನಾಲ್ಕು ದಿನ ಮಾತು ಬಿಡುತ್ತಾನೆ, ಐದನೇ ದಿನ ಕರಿಯಮ್ಮನ ಗುಡಿಯ ಹತ್ತಿರ ಹಿರಿಯರು ಕೂಡಿಸಿ ಬುದ್ಧಿ ಹೇಳುತ್ತಾರೆ. ಆದರೆ ಅಪ್ಪನ ಕೈ ತಾನಾಗೇ ಸೊಂಟಕ್ಕೆ ಹೋಯಿತು. ಅದು ಹದಿನೈದು ವರ್ಷ ಅಲ್ಲಿ ಕಾಯುತ್ತಾ ಇತ್ತಲ್ಲ. ದೊಡ್ಡಪ್ಪ ಕೈ ಅಡ್ಡ ತಂದ. ಬಲಗೈಯ ಎರಡು ಬೆರಳಿನ ನರ ಹೋದವು.

ದೊಡ್ಡಪ್ಪ ನಮ್ಮ ಮೇಳದಲ್ಲಿ ದಪ್ಪು ಬಾರಿಸುವವನು. ಅವನ ಪೆಟ್ಟಿಗೆ ಹತ್ತೂರಿನವರು ಬಂದು ಕೂಡುತ್ತಿದ್ದರು. ಆಮೇಲೆ ಅವನು ದಪ್ಪು ಮುಟ್ಟಲಿಲ್ಲ. ಕೇಸು ಆಗಲಿಲ್ಲ, ದೊಡ್ಡಪ್ಪನೇ ಕುಡುಗೋಲು ತಾಕಿತು ಅಂತ ದವಾಖಾನೆಯಲ್ಲಿ ಹೇಳಿದ. ಅಪ್ಪ ಸಾಯುವ ತನಕ ಅಣ್ಣನ ಮುಂದೆ ಕೂತು ಉಣ್ಣಲಿಲ್ಲ. ನಾನು ಇವತ್ತು ಹಲಗಲಿಯ ಲಾವಣಿ ಹಾಡುವುದು ಬೇರೆ ಊರಿನ ದಪ್ಪಿನವನನ್ನು ಕರೆಸಿಕೊಂಡು.

ಅಪ್ಪ ಕೆಟ್ಟವನಾಗಿರಲಿಲ್ಲ. ಒಂದೇ ಹತಾರ ಇದ್ದಿದ್ದರೆ ಅದು ಹೋದ ಕೂಡಲೇ ಅವನಿಗೆ ಬುದ್ಧಿ ಬರುತ್ತಿತ್ತು. ಎರಡನೇ ಹತಾರ ಇದ್ದದ್ದಕ್ಕೆ ಎರಡನೇ ಯೋಚನೆಗೆ ಹೊತ್ತು ಸಿಗಲಿಲ್ಲ. ದಂಡಿನಲ್ಲಿ ಎದುರಿಗೆ ಬರುವವನು ವೈರಿ. ಊರಿನಲ್ಲಿ ಕೈಗೆಟುಕುವಷ್ಟು ಹತ್ತಿರ ಬರುವವನು ಅಣ್ಣ, ತಮ್ಮ, ಬೀಗ, ಪಕ್ಕದ ಹೊಲದವನು. ನಮ್ಮ ರಾಯಲಸೀಮೆಯ ಫ್ಯಾಕ್ಷನ್ ಕಾಲವನ್ನು ಕಂಡವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ತೆಲುಗಿನವರು ವೇಟಕೊಡವಲಿ ಅನ್ನುವ ಕತ್ತಿ, ನಾಡಬಾಂಬು, ಹಿಂದೆ ಮುಂದೆ ಆಳು, ಎಲ್ಲ ಇದ್ದರೂ ಎಷ್ಟೋ ಮನೆಗಳಲ್ಲಿ ಗಂಡಸರು ಉಳಿಯಲಿಲ್ಲ. ಅವರು ಒಂದಿಟ್ಟರೆ ಇವರು ಎರಡು, ಇವರು ಎರಡಿಟ್ಟರೆ ಅವರು ನಾಲ್ಕು.

ಇನ್ನು ಈಗಿನ ಕಾನೂನು. ಇದು ಬ್ರಿಟಿಷರದಲ್ಲ, 1959ರಲ್ಲಿ ನಾವೇ ಮಾಡಿಕೊಂಡ ಆಯುಧ ಕಾಯ್ದೆ. ಸಣ್ಣದಿರಲಿ ದೊಡ್ಡದಿರಲಿ, ಪ್ರತಿ ಪಿಸ್ತೂಲಿಗೂ ಲೈಸೆನ್ಸ್ ಬೇಕು. ಮೊದಲು ಒಬ್ಬನು ಮೂರು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿಯಿಂದ ಎರಡೇ. ಅಂದರೆ ಎರಡನೆಯದನ್ನು ಕೇಳಲಿಕ್ಕೆ ಕಾನೂನಿನಲ್ಲಿ ಬಾಗಿಲು ಇದೆ. ಆದರೆ ಪೊಲೀಸರ ವಿಚಾರಣೆ ಆಗಬೇಕು, ಅದು ಬೇಕಾದ ಕಾರಣ ತೋರಿಸಬೇಕು. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಇಟ್ಟು ಬರಲಿಕ್ಕೆ ಹೇಳಿದರೆ ಇಡಬೇಕು. ಯಾರದೋ ಹತ್ತಿರ ಕಳ್ಳ ದಾರಿಯಲ್ಲಿ ಕೊಂಡ ನಾಡ ಪಿಸ್ತೂಲು ಸೊಂಟದಲ್ಲಿದ್ದರೆ, ಕಳ್ಳ ಬರುವ ಮೊದಲೇ ಜೈಲು ಬರುತ್ತದೆ. ಅದು ಕೈಯಲ್ಲೇ ಸಿಡಿದರೆ ಕೈಯೂ ಹೋಗುತ್ತದೆ.

ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕಸಿದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಅದು ಇದೆ, ಹಳೇ ಕಾನೂನಿನಲ್ಲೂ ಇತ್ತು. ಆದರೆ ಒಂದು ಅಳತೆ ಇಟ್ಟಿದ್ದಾರೆ. ಜೀವ ಉಳಿಸಿಕೊಳ್ಳಲಿಕ್ಕೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಪೊಲೀಸರ ಹತ್ತಿರ ಓಡಲಿಕ್ಕೆ ಹೊತ್ತಿದ್ದರೆ ಓಡಬೇಕು. ಕಳ್ಳ ಬೆನ್ನು ತಿರುಗಿಸಿ ಓಡುವಾಗ ಹಿಂದಿನಿಂದ ಹೊಡೆದು ರಕ್ಷಣೆ ಅಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಕಡೆಗೆ ಅಳಿಯನಿಗೆ ಹೀಗೆ ಹೇಳಿದೆ. "ನೋಡಪಾ, ಹಿಂದಿನವರು ಎರಡನೆಯದನ್ನು ಇಟ್ಟದ್ದು ಮೊದಲಿನದರಲ್ಲಿ ಒಂದೇ ಗುಂಡು ಇತ್ತು ಅಂತ. ನಿನ್ನದರಲ್ಲಿ ಆರು ಅದಾವು. ನಿನಗೆ ಕಮ್ಮಿ ಇರೋದು ಗುಂಡಲ್ಲ, ಜೊತೆ. ರೊಕ್ಕವನ್ನು ಬ್ಯಾಂಕಿನ ಮ್ಯಾಲೆ ಕೊಡು. ಕೈಯಾಗ ಕೊಡಲೇಬೇಕಾದ ದಿನ ಹೊತ್ತು ಮುಳುಗೋದರಾಗ ಬಾ, ಇಬ್ಬರು ಬರ್ರಿ. ಇರೋ ಒಂದನ್ನೇ ಚೆಂದಾಗಿ ಕಲಿ, ಒರೆಯಾಗ ಇಡು, ಮನಿಗೆ ಬಂದ ಕೂಡಲೇ ತೋಟಾ ತೆಗೆದು ಕೀಲಿ ಹಾಕು. ಸುರಪುರದ ಕುರ್ಚಿ ನೆನಪಿರಲಿ. ಇಷ್ಟು ಮಾಡಿದ ಮ್ಯಾಲೂ ಇನ್ನೊಂದು ಬೇಕು ಅನಿಸಿದರೆ ಕಾನೂನಿನ ದಾರೀಲೆ ಹೋಗು. ಆದರೆ ಅದಕ್ಕಿಂತ ಮೊದಲು ಒಂದು ದಿನ ನಮ್ಮ ದೊಡ್ಡಪ್ಪನ ಮಗನ ಮನಿಗೆ ಹೋಗಿ, ಗೂಟಕ್ಕೆ ನೇತುಬಿದ್ದ ಆ ದಪ್ಪನ್ನ ನೋಡಿ ಬಾ."

ಅವನು ಏನೂ ಹೇಳದೆ ಎದ್ದು ಹೋದ. ಹದಿನೈದು ದಿನ ಬಿಟ್ಟು ಸಿಕ್ಕ. ಈಗ ತಮ್ಮನನ್ನು ಜೊತೆಗೆ ಕರೆದುಕೊಂಡು ಹೊತ್ತು ಮುಳುಗುವ ಮೊದಲೇ ಬರುತ್ತಿದ್ದಾನೆ. ಎರಡನೆಯದರ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ದಪ್ಪು ನೋಡಲಿಕ್ಕೆ ಹೋಗಿದ್ದನಂತೆ. ಚರ್ಮ ಸಡಿಲಾಗೈತಿ ಮಾವ, ಬಿಗಿಸಿದರೆ ಇನ್ನೂ ನುಡೀತೈತಿ ಅಂದ.